ಮಾತ್ರೆ ಬರೆಯೋ ಮೊದಲು ಮನೆ ವಿಷಯ ಕೇಳಿ

ಸಂಪಾದಕರಿಗೆ ನಮಸ್ಕಾರ,

ನಿರಾಶ್ರಿತ ಹೆಂಗಸರ ಮಾನಸಿಕ ಆರೋಗ್ಯದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ, ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಒಂದು ಕನ್ನಡ ಪತ್ರಿಕೆ ಪೂರ್ತಿ ಪುಟ ಕೊಟ್ಟಿದ್ದು ನೋಡಿ ಖುಷಿ ಆಯ್ತು, ಮೊದಲು ಅದಕ್ಕೆ ಥ್ಯಾಂಕ್ಸ್. ಬಾಂಬ್ ಬಿದ್ದಿದ್ದು, ಊರು ಸುಟ್ಟಿದ್ದು, ರಾತ್ರೋರಾತ್ರಿ ಗಡಿ ದಾಟಿದ್ದು, ದಾರೀಲಿ ಮಗು ಕಳ್ಕೊಂಡಿದ್ದು ಎಲ್ಲಾ ಬರೆದಿದ್ದೀರಿ, ಅದರಿಂದ ಮನಸ್ಸು ಹೇಗೆ ಕುಸಿದು ಹೋಗತ್ತೆ ಅನ್ನೋದೂ ಚೆನ್ನಾಗಿ ಬಂದಿದೆ. ಆದ್ರೆ ಅಷ್ಟು ದೊಡ್ಡ ಲೇಖನದಲ್ಲಿ "ಗಂಡ" ಅನ್ನೋ ಪದ ಎರಡೇ ಕಡೆ ಇದೆ, ಎರಡು ಕಡೇನೂ ಸತ್ತುಹೋದ ಗಂಡ. ಬದುಕಿರೋ ಗಂಡ, ಅದೇ ಟೆಂಟಲ್ಲಿ, ಅದೇ ಒಂದು ರೂಮಲ್ಲಿ ಅವಳ ಜೊತೆ ಇರೋನು, ಅವನ ಬಗ್ಗೆ ಒಂದು ಸಾಲೂ ಇಲ್ಲ. ಆ ಬಿಟ್ಟುಹೋದ ಸಾಲಿನ ಬಗ್ಗೆ ಬರೀಬೇಕು ಅಂತಾನೇ ಈ ಪತ್ರ. ಉದ್ದ ಆಗತ್ತೆ, ಕತ್ತರಿಸೋದಾದ್ರೆ ದಯವಿಟ್ಟು ಕೊನೆಯಿಂದ ಕತ್ತರಿಸಬೇಡಿ, ಕೊನೇಲಿ ನಿಮಗೇ ಹೇಳೋ ಮಾತೊಂದಿದೆ.

ನಾನು ಆರು ವರ್ಷ ನಿರಾಶ್ರಿತ ಕುಟುಂಬಗಳು ಬರೋ ಒಂದು ಕ್ಲಿನಿಕ್‌ನಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡಿದೀನಿ. ಯಾವ ದೇಶ, ಯಾವ ಊರು ಅಂತ ಬರೆಯಲ್ಲ, ಬರೆದ್ರೆ ಕೆಲವರ ಗುರುತು ಸಿಕ್ಕಿಬಿಡತ್ತೆ, ಅದು ಅವರ ಜೀವಕ್ಕೇ ತೊಂದರೆ.

ಒಬ್ಬ ಹೆಂಗಸು ಬರ್ತಿದ್ಲು, ಮೂವತ್ತು ದಾಟಿರಲಿಲ್ಲ. ತಲೆನೋವು, ನಿದ್ದೆ ಇಲ್ಲ, ಎದೆ ಡವಡವ, ಒಲೆ ಹಚ್ಚಿಟ್ಟು ಮರೆತುಬಿಡೋದು. ನನಗಿಂತ ಮುಂಚೆ ನೋಡಿದವರು ಫೈಲಲ್ಲಿ "ಯುದ್ಧದ ಆಘಾತ" ಅಂತ ಬರೆದಿದ್ರು, ನಿದ್ದೆಗೊಂದು ಮಾತ್ರೆ, ಡಿಪ್ರೆಶನ್‌ಗೊಂದು ಮಾತ್ರೆ ನಡೀತಿತ್ತು. ಅವಳ ಭಾಷೆ ನನಗೆ ಬರಲ್ಲ, ಆವತ್ತು ದುಭಾಷಿ ಸಿಗಲಿಲ್ಲ ಅಂತ ಅವಳ ಮಗಳನ್ನೇ ಕೂರಿಸ್ಕೊಂಡ್ವಿ, ಒಂಬತ್ತೋ ಹತ್ತೋ ವರ್ಷದ ಹುಡುಗಿ, ಸ್ಕೂಲಲ್ಲಿ ಕಲಿತ ಭಾಷೇಲಿ ಅಮ್ಮನ ಮಾತನ್ನ ನನಗೆ ಹೇಳ್ತಿದ್ಲು. ಅಮ್ಮನ ಮುಂಗೈ ಹತ್ರ ಹಳದಿ ಹಸಿರು ತಿರುಗಿದ್ದ ಹಳೇ ಏಟಿನ ಗುರುತಿತ್ತು. ಇದೇನಾಯ್ತು ಅಂತ ಕೇಳ್ದೆ. ಅಮ್ಮ ಸುಮಾರು ಹೊತ್ತು ಮಾತಾಡಿದ್ಲು, ಮಧ್ಯೆ ಒಂದು ಸಲ ನಿಲ್ಸಿ ಮಗಳ ತಲೆ ಸವರಿ ಮತ್ತೆ ಮಾತಾಡಿದ್ಲು. ಹುಡುಗಿ ನೆಲ ನೋಡ್ತಾ ಪೂರ್ತಿ ಕೇಳಿಸ್ಕೊಂಡು ನನ್ನ ಕಡೆ ತಿರುಗಿ "ಅಮ್ಮ ಬಿದ್ದಳಂತೆ" ಅಂದ್ಲು. ಮೂರು ನಿಮಿಷದ ಮಾತಿಗೆ ಎರಡು ಪದ.

ನಾನು ಅದನ್ನೇ ಬರ್ಕೊಂಡೆ. "ಬಿದ್ದಿದ್ದಾರೆ" ಅಂತ, ನನ್ನ ಕೈಬರಹದಲ್ಲಿ, ಇವತ್ತಿಗೂ ಆ ಫೈಲಲ್ಲಿದೆ. ಮೂರು ವಾರ ಆದ್ಮೇಲೆ ಮಗಳು ಸ್ಕೂಲಿಗೆ ಹೋಗಿದ್ದ ದಿನ ಫೋನಲ್ಲಿ ಬೇರೆ ಊರಿನ ದುಭಾಷಿ ಸಿಕ್ಕಿದ್ರು, ಆವಾಗ ಅವಳು ಅದನ್ನೇ ಮತ್ತೆ ಮೊದಲಿಂದ ಹೇಳಿದ್ಲು. ಗಂಡ ಕೈ ತಿರುಚಿದ್ದು, ತಲೆ ಹಿಡಿದು ಗೋಡೆಗೆ ಬಡಿದಿದ್ದು, ಇನ್ನೊಂದು ದಿನ ಕತ್ತು ಹಿಸುಕಿದ್ದು, ಇದೆಲ್ಲಾ ಊರಲ್ಲಿದ್ದಾಗಿಂದ ಇತ್ತಾ ಅಂದ್ರೆ ಇತ್ತು, ಆದ್ರೆ ಅಲ್ಲಿ ಅತ್ತಿಗೆ ಬಂದು ಬಿಡಿಸೋಳು, ಅಕ್ಕನ ಮನೆ ಎರಡು ಬೀದಿ ಆಚೆ ಇತ್ತು, ಇಲ್ಲಿ ಯಾರೂ ಇಲ್ಲ ಅಂತ. ಆಮೇಲೆ ಅವಳೇ ಒಂದು ಮಾತು ಹೇಳಿದ್ಲು, "ಆವತ್ತು ಹೇಳಬೇಡ ಅಂತ ನಾನು ಮಗಳಿಗೆ ಹೇಳಿರಲಿಲ್ಲ, ಅವಳಾಗೇ ಹೇಳ್ಲಿಲ್ಲ, ನಾನೂ ಆಮೇಲೆ ಕೇಳ್ಲಿಲ್ಲ" ಅಂತ. ಅಪ್ಪನನ್ನ ಬಿಟ್ಟುಕೊಡೋದಾ ಅಮ್ಮನನ್ನ ಬಿಟ್ಟುಕೊಡೋದಾ ಅನ್ನೋದನ್ನ ಹತ್ತು ವರ್ಷದ ಮಗು ನನ್ನ ರೂಮಲ್ಲಿ ಕೂತು ತೀರ್ಮಾನ ಮಾಡಬೇಕಾಯ್ತು, ಆ ಸ್ಥಿತಿ ತಂದಿಟ್ಟಿದ್ದು ನಾವು.

ನಾನು ಹೇಳಬೇಕಾಗಿರೋದು ಇಷ್ಟೇ. ಯುದ್ಧ ಅನ್ನೋದು ಎಷ್ಟು ದೊಡ್ಡ ಕಾರಣ ಅಂದ್ರೆ ಅದು ಕೈಗೆ ಸಿಕ್ಕಿದ ಮೇಲೆ ಬೇರೆ ಕಾರಣ ಯಾರೂ ಹುಡುಕಲ್ಲ. ಅಳ್ತಾಳೆ, ಯುದ್ಧ ನೋಡಿದ್ದಾಳೆ ಪಾಪ. ಬೆಚ್ಚಿ ಬೀಳ್ತಾಳೆ, ಬಾಂಬ್ ಸದ್ದು ಕೇಳಿದ್ದಾಳೆ ಪಾಪ. ಮಾತೇ ಆಡಲ್ಲ, ಏನೇನು ಅನುಭವಿಸಿದ್ದಾಳೋ. ಎಲ್ಲಾ ನಿಜ ಇರಬಹುದು, ಆದ್ರೆ ನಿನ್ನೆ ರಾತ್ರಿ ಮನೇಲಿ ಏನಾಯ್ತು ಅಂತ ಕೇಳೋರಿಲ್ಲ.

ಇದು ನನ್ನೊಬ್ಬಳ ಅನುಭವ ಅಂದ್ಕೋಬೇಡಿ. ಯುಎನ್‌ಎಚ್‌ಸಿಆರ್ ಅಂದ್ರೆ ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಲೆಕ್ಕದಲ್ಲಿ 2024ರ ಕೊನೆಗೆ ಜಗತ್ತಲ್ಲಿ ಬಲವಂತಕ್ಕೆ ಮನೆ ಬಿಟ್ಟವರು 12 ಕೋಟಿ 32 ಲಕ್ಷ ಜನ, ಅದರಲ್ಲಿ ದೇಶದ ಗಡಿ ದಾಟಿದ ನಿರಾಶ್ರಿತರೇ 4 ಕೋಟಿ 27 ಲಕ್ಷ, ಹೆಚ್ಚುಕಮ್ಮಿ ಅರ್ಧದಷ್ಟು ಹೆಂಗಸರು, ಹೆಣ್ಣುಮಕ್ಕಳು. ಯುದ್ಧ ನಡೆದ ಜಾಗಗಳಲ್ಲಿ ಇರೋರಲ್ಲಿ 22% ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳ್ತು, ಈ ಅಂಕಿ ಎಲ್ಲಾ ಕಡೆ ಬರತ್ತೆ. ಅದೇ ಸಂಸ್ಥೆ 2021ರಲ್ಲಿ ಹೇಳಿದ್ದು ಏನು ಅಂದ್ರೆ ಜಗತ್ತಲ್ಲಿ ಮೂವರು ಹೆಂಗಸರಲ್ಲಿ ಒಬ್ಬಳು ಜೀವನದಲ್ಲಿ ಒಮ್ಮೆಯಾದ್ರೂ ದೈಹಿಕ ಇಲ್ಲಾ ಲೈಂಗಿಕ ಹಿಂಸೆ ಅನುಭವಿಸಿದ್ದಾಳೆ, ಬಹುಪಾಲು ಅದನ್ನ ಮಾಡಿದ್ದು ಗಂಡನೋ ಸಂಗಾತಿಯೋ. ಹಾಗೆ ಹೊಡೆಸಿಕೊಂಡವರಿಗೆ ಡಿಪ್ರೆಶನ್ ಬರೋ ಸಾಧ್ಯತೆ ಹತ್ತಿರತ್ತಿರ ಎರಡು ಪಟ್ಟು ಅಂತಾನೂ ಅವರದೇ 2013ರ ವರದಿ ಹೇಳತ್ತೆ. ಈ ಅಂಕಿಗಳನ್ನ ಯಾರೂ ಪಕ್ಕಪಕ್ಕ ಇಟ್ಟು ನೋಡಲ್ಲ, ಒಂದು ಮಾನಸಿಕ ಆರೋಗ್ಯದ ಮೀಟಿಂಗಲ್ಲಿ ಬರತ್ತೆ, ಇನ್ನೊಂದು ಮಹಿಳಾ ರಕ್ಷಣೆ ಮೀಟಿಂಗಲ್ಲಿ ಬರತ್ತೆ, ಆ ಎರಡು ಮೀಟಿಂಗಿಗೂ ಬೇರೆ ಬೇರೆ ಜನ ಹೋಗ್ತಾರೆ. ಯುದ್ಧ, ಗಲಭೆ ಆದ ಕಡೆಗಳಲ್ಲಿ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದವರಿಗೆ ಕಂಡಿದ್ದೂ ಇದೇ, ಮನೆ ಹೊರಗಿನವರು ಮಾಡಿದ ಲೈಂಗಿಕ ಹಿಂಸೆಗಿಂತ ಮನೆಯೊಳಗಿನ ಸಂಗಾತಿಯ ಹಿಂಸೆನೇ ಹೆಚ್ಚು ಹೆಂಗಸರ ಬಾಯಲ್ಲಿ ಬಂದಿದೆ.

ಪಿಟಿಎಸ್‌ಡಿಗೆ ಕನ್ನಡದಲ್ಲಿ "ಆಘಾತೋತ್ತರ ಒತ್ತಡದ ಕಾಯಿಲೆ" ಅಂತ ಬರೀತೀರಿ ನೀವು. ಆಘಾತ, ಅದರ ಉತ್ತರ, ಅಂದ್ರೆ ಆಘಾತ ಆಗಿ ಮುಗಿದ ಮೇಲೆ ಬರೋದು. ಸಂಜೆ ಏಳಕ್ಕೆ ಅವನು ಬರ್ತಾನೆ ಅಂತ ಐದು ಗಂಟೆಗೇ ಕೈ ನಡುಗೋಕೆ ಶುರುವಾಗೋ ಹೆಂಗಸಿಗೆ ಆ "ಉತ್ತರ" ಇನ್ನೂ ಬಂದೇ ಇಲ್ಲ. ಸಣ್ಣ ಸದ್ದಿಗೂ ಎದ್ದು ಕೂರೋದನ್ನ ನಾವು ರೋಗಲಕ್ಷಣ ಅಂತ ಬರ್ಕೋತೀವಿ, ಅವಳಿಗೆ ಅದು ಜೀವ ಉಳಿಸ್ಕೊಳೋ ದಾರಿ. ನಾನು ಹೇಳಿದ್ನಲ್ಲ ಆ ಹೆಂಗಸು, ಅವಳ ಫೈಲಲ್ಲಿ "ಔಷಧಿ ಸರಿಯಾಗಿ ತಗೊಳ್ತಿಲ್ಲ" ಅಂತ ನಾಲ್ಕು ಕಡೆ ಬರೆದಿತ್ತು. ಯಾಕೆ ತಗೊಳ್ತಿಲ್ಲ ಅಂತ ಕೇಳಿದಾಗ ಅವಳು ಹೇಳಿದ್ದು, ನಿದ್ದೆ ಮಾತ್ರೆ ತಗೊಂಡ್ರೆ ಗಾಢ ನಿದ್ದೆ ಬರತ್ತೆ, ಗಾಢ ನಿದ್ದೆ ಬಂದ್ರೆ ರಾತ್ರಿ ಅವನು ಎದ್ದಿದ್ದು ನನಗೆ ಗೊತ್ತಾಗಲ್ಲ, ಅಂತ. ಅವಳು ಎಚ್ಚರ ಇರಬೇಕಾಗಿತ್ತು, ನಾವು ಅವಳನ್ನ ಮಲಗಿಸೋಕೆ ನೋಡ್ತಿದ್ವಿ.

ಇದನ್ನ ಓದಿ ಯಾರಾದ್ರೂ ತಾವು ತಗೊಳ್ತಿರೋ ಮಾತ್ರೆ ಬಿಟ್ಟುಬಿಟ್ರೆ ನನಗೆ ದುಃಖ ಆಗತ್ತೆ, ಹಾಗೆ ಮಾಡಬೇಡಿ, ಡಿಪ್ರೆಶನ್ ಔಷಧಿಯಿಂದ ಬದುಕು ವಾಪಸ್ ಸಿಕ್ಕಿದವರನ್ನ ನಾನೇ ನೋಡಿದೀನಿ. ನಾನು ಕೇಳ್ತಿರೋದು ಮಾತ್ರೆ ಜೊತೆಗೆ ಒಂದು ಪ್ರಶ್ನೆನೂ ಇರಲಿ ಅಂತ.

ಆ ಪ್ರಶ್ನೆ ಕೇಳೋಕೆ ಅವರ ಮಾತು ಕಿವಿಗೆ ಬೀಳಬೇಕು. ಯಾರೂ ಬಂದು "ನನಗೆ ಡಿಪ್ರೆಶನ್, ನನ್ನ ಗಂಡ ಹಿಂಸೆ ಕೊಡ್ತಾನೆ" ಅಂತ ಹೇಳಲ್ಲ. 2017ರ ಆಗಸ್ಟಿಂದ ಮ್ಯಾನ್ಮಾರ್ ಬಿಟ್ಟು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದ 7 ಲಕ್ಷಕ್ಕೂ ಜಾಸ್ತಿ ರೊಹಿಂಗ್ಯಾ ಜನ ಮನಸ್ಸಿನ ಸಂಕಟಕ್ಕೆ ಬಳಸೋ ಪದ "ಒಶಾಂತಿ", ನಮ್ಮ ಅಶಾಂತಿನೇ ಅದು, ಕೇಳಿದ ಕೂಡಲೇ ನಮಗೆ ಅರ್ಥ ಆಗತ್ತೆ. ಜಿಂಬಾಬ್ವೆಯ ಶೋನಾ ಭಾಷೇಲಿ "ಕುಫುಂಗಿಸಿಸಾ" ಅಂತಾರೆ, ಯೋಚನೆ ಜಾಸ್ತಿ ಆಗೋದು ಅಂತ, ನಾವು ಮನಸ್ಸಿಗೆ ಹಚ್ಕೊಂಡಿದ್ದಾಳೆ ಅನ್ನಲ್ವಾ ಹಾಗೆ. ಇಂಥ ಪದಗಳಲ್ಲೇ ಎಲ್ಲಾ ಬರತ್ತೆ. ಶಾಂತಿ ಇಲ್ಲ ಅಂತ ಒಬ್ಬ ಹೆಂಗಸು ಹೇಳಿದ್ರೆ ಅದು ಬಿಟ್ಟುಬಂದ ದೇಶದ ಮಾತು ಅಂತ ತಿಳ್ಕೋಬೇಡಿ, ಎಲ್ಲಿ ಶಾಂತಿ ಇಲ್ಲ ಅಂತ ಇನ್ನೊಂದು ಸಲ ಕೇಳಿ. "ಮನೇಲಿ" ಅಂತ ಉತ್ತರ ಬಂದಿದ್ದನ್ನ ನಾನು ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ.

ಇನ್ನು ಹೊಡೆತ ಗೊತ್ತಾದ ಮೇಲೆ ಜನ ಕೇಳೋ ಮೊದಲ ಪ್ರಶ್ನೆ, ಬಿಟ್ಟು ಬರಬಾರದಾ ಅಂತ. ಎಲ್ಲಿಗೆ ಬರೋದು. ನಿರಾಶ್ರಿತ ಕುಟುಂಬದ ಕಾಗದ ಪತ್ರ ಬಹಳ ಕಡೆ ಗಂಡನ ಹೆಸರಲ್ಲಿ ಇರತ್ತೆ, ಆಶ್ರಯ ಕೇಳಿ ಅರ್ಜಿ ಹಾಕಿದವನು ಅವನು, ಹೆಂಡತಿ ಮಕ್ಕಳು ಅವನ ಅವಲಂಬಿತರು, ಒಂದೇ ಕೇಸು, ಒಂದೇ ನಂಬರು. ಅವನ ಅರ್ಜಿ ಬಿದ್ದುಹೋದ್ರೆ ಅವಳದೂ ಬೀಳತ್ತೆ, ಅವನನ್ನ ಬಿಟ್ರೆ ಇವಳು ಯಾರು ಅನ್ನೋಕೆ ಕಾಗದವೇ ಇಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಹೇಳ್ತಾನೆ, ಪೊಲೀಸ್ ಹತ್ರ ಹೋಗು ನೋಡಣ, ಮೊದಲು ನಿನ್ನನ್ನೇ ವಾಪಸ್ ಕಳಿಸ್ತಾರೆ, ಮಕ್ಕಳು ನನ್ನ ಹತ್ರ ಉಳೀತಾರೆ ಅಂತ. ಅದು ಸುಳ್ಳೋ ನಿಜವೋ ಅಂತ ತಿಳ್ಕೊಳೋಕೆ ಅವಳ ಹತ್ರ ಭಾಷೆ ಇಲ್ಲ, ವಕೀಲರಿಲ್ಲ, ಎಷ್ಟೋ ಸಲ ಫೋನೂ ಇಲ್ಲ. ಈ ಒಂದು ಮಾತಿನ ಬೆದರಿಕೆ ಹೊಡೆತಕ್ಕಿಂತ ಕೆಟ್ಟದು ಅಂತ ನನಗೆ ಅನ್ಸತ್ತೆ, ಏಟಿನ ಗುರುತು ಎರಡು ವಾರಕ್ಕೆ ಹೋಗತ್ತೆ, ಇದು ಹೋಗಲ್ಲ.

ನಾನು ಹೇಳಿದ ಆ ಹೆಂಗಸು ಮೂರನೇ ಸಲವೋ ನಾಲ್ಕನೇ ಸಲವೋ ಬಂದಾಗ ಮಗುವಿನ ಬಟ್ಟೆ ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ್ಲು. ಒಳಗೆ ನಾಲ್ಕಾಗಿ ಮಡಚಿದ ಒಂದು ಜೆರಾಕ್ಸ್, ಮಡಚಿದ ಕಡೆಯೆಲ್ಲ ಅಕ್ಷರ ಅಳಿಸಿಹೋಗಿತ್ತು. ಅಸಲಿ ಕಾಗದ ಗಂಡನ ಜೇಬಲ್ಲಿ ಇರತ್ತೆ, ಅವನು ಸ್ನಾನಕ್ಕೆ ಹೋದಾಗ ತಗೊಂಡು ಹೋಗಿ ಇದನ್ನ ಮಾಡಿಸ್ಕೊಂಡಿದ್ದಾಳೆ, ವಾಪಸ್ ಇಡೋವಷ್ಟರಲ್ಲಿ ನೀರಿನ ಸದ್ದು ನಿಂತುಹೋಗಿತ್ತಂತೆ. ಅದರಲ್ಲಿ ಕುಟುಂಬದ ಐದು ಜನರ ಹೆಸರು ಸಾಲಾಗಿ ಇತ್ತು, ಅವಳದು ಎರಡನೇದು. ಬೆರಳಿಟ್ಟು ತೋರಿಸಿ ಕೇಳಿದ್ಲು, ಇದೊಂದೇ ಹೆಸರು ಇರೋ ಕಾಗದ ಸಿಗತ್ತಾ ಅಂತ. ಅವಳು ನನ್ನ ಹತ್ರ ತಾನಾಗಿ ಕೇಳಿದ ಮೊದಲ ಸಹಾಯ ಅದು, ಅವತ್ತಿನ ತನಕ ನಾವು ಕೊಟ್ಟಿದ್ದೆಲ್ಲ ನಮಗೆ ತೋಚಿದ್ದು.

ಸಿಗಬೇಕು ಅಂತ ಎಂದೋ ಒಪ್ಪಿಕೊಂಡಾಗಿದೆ. 2001ರಲ್ಲಿ ಯುಎನ್‌ಎಚ್‌ಸಿಆರ್ ಮುಖ್ಯಸ್ಥರಾಗಿದ್ದ ರೂಡ್ ಲಬ್ಬರ್ಸ್ ನಿರಾಶ್ರಿತ ಹೆಂಗಸರಿಗೆ ಐದು ಭರವಸೆ ಕೊಟ್ರು, ಅದರಲ್ಲಿ ಒಂದು ಇದೇ, ಗಂಡಸಿರಲಿ ಹೆಂಗಸಿರಲಿ ಪ್ರತಿಯೊಬ್ಬರ ನೋಂದಣಿ ಬೇರೆ ಬೇರೆ, ಕಾಗದ ಅವರವರ ಕೈಗೆ. ಇಪ್ಪತ್ತು ವರ್ಷದ ಮೇಲಾಯ್ತು. ಎಷ್ಟೋ ಕಡೆ ಆಗಿದೆ, ಎಷ್ಟೋ ಕಡೆ ಕಾರ್ಡ್ ಅವಳ ಹೆಸರಲ್ಲಿ ಪ್ರಿಂಟ್ ಆಗಿ ಬಂದು ಅವನ ಜೇಬಿಗೇ ಹೋಗತ್ತೆ. ಅವಳನ್ನ ಒಂಟಿಯಾಗಿ ಕೌಂಟರ್‌ಗೆ ಕರೆದು ಅವಳ ಕೈಗೇ ಕೊಡೋಷ್ಟು ಮಾಡಿದ್ರೆ ಸಾಕು, ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಗಂಡನ ಕೈಯಿಂದ ತಪ್ಪಿಸ್ಕೊಳೋಕೇ ದೇಶ ಬಿಟ್ಟು ಬಂದವರ ಕಥೆ ಇನ್ನೊಂದು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದಲ್ಲಿ ಒಬ್ಬರನ್ನ ನಿರಾಶ್ರಿತರು ಅಂತ ಒಪ್ಕೊಳೋಕೆ ಐದೇ ಕಾರಣ ಇರೋದು, ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದ್ರೂ ಒಂದು ಸಾಮಾಜಿಕ ಗುಂಪಿಗೆ ಸೇರಿರೋದು, ರಾಜಕೀಯ ಅಭಿಪ್ರಾಯ. ಹೆಣ್ಣು ಅನ್ನೋ ಕಾರಣ ಅಲ್ಲಿಲ್ಲ. 1993ರಲ್ಲಿ ಕೆನಡಾ ಹೆಂಗಸರ ಅರ್ಜಿಗಳನ್ನ ಹೇಗೆ ನೋಡಬೇಕು ಅಂತ ಮೊದಲಿಗೆ ಮಾರ್ಗಸೂಚಿ ತಂತು, 1999ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಆಗ ಅಲ್ಲಿನ ಅತಿ ದೊಡ್ಡ ನ್ಯಾಯಾಲಯವೂ ಅದೇ, ಪಾಕಿಸ್ತಾನದಿಂದ ಬಂದ, ಗಂಡಂದಿರು ಮನೆಯಿಂದ ಹೊರಗೆ ಹಾಕಿದ ಇಬ್ಬರು ಹೆಂಗಸರ ಕೇಸಲ್ಲಿ ಅವರನ್ನ ಸಾಮಾಜಿಕ ಗುಂಪು ಅಂತ ಒಪ್ಕೊಂಡು ಅವರ ಪರ ತೀರ್ಪು ಕೊಡ್ತು, ಹೊಡೆದವನು ಗಂಡನೇ ಆದ್ರೂ ಸರ್ಕಾರ ಅವಳನ್ನ ಕಾಪಾಡಲ್ಲ ಅಂದ್ರೆ ಎರಡೂ ಸೇರಿ ಕಿರುಕುಳ ಆಗತ್ತೆ ಅನ್ನೋ ವಾದ ಅಲ್ಲಿ ಗಟ್ಟಿಯಾಯ್ತು, 2002ರಲ್ಲಿ ಯುಎನ್‌ಎಚ್‌ಸಿಆರ್ ಮಾರ್ಗಸೂಚಿಯೂ ಬಂತು. ಅಮೆರಿಕದಲ್ಲಿ 2014ರಲ್ಲಿ ಗ್ವಾಟೆಮಾಲಾದ ಹೆಂಗಸೊಬ್ಬಳ ಕೇಸಲ್ಲಿ ಬಾಗಿಲು ತೆಗೀತು, 2018ರಲ್ಲಿ ಇನ್ನೊಂದು ಕೇಸಲ್ಲಿ ಅಟಾರ್ನಿ ಜನರಲ್ ಅದನ್ನ ಮುಚ್ಚಿದ್ರು, 2021ರಲ್ಲಿ ಬಂದ ಇನ್ನೊಬ್ಬರು ಆ ಆದೇಶ ತೆಗೆದುಹಾಕಿದ್ರು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2024ರ ಜನವರಿ 16ಕ್ಕೆ, ಟರ್ಕಿಯಿಂದ ಬಂದು ಬಲ್ಗೇರಿಯಾದಲ್ಲಿ ಆಶ್ರಯ ಕೇಳಿದ ಕುರ್ದಿಶ್ ಹೆಂಗಸಿನ ಕೇಸಲ್ಲಿ, ಮನೆಯೊಳಗಿನ ಹಿಂಸೆಗೆ ಹೆದರಿ ಬಂದವಳಿಗೂ ನಿರಾಶ್ರಿತರ ಸ್ಥಾನ ಸಿಗಬಹುದು ಅಂತ ಸ್ಪಷ್ಟವಾಗಿ ಹೇಳ್ತು. ಒಂದು ಸರ್ಕಾರ ಬಂದ್ರೆ ಜೀವ ಉಳಿಯತ್ತೆ, ಇನ್ನೊಂದು ಬಂದ್ರೆ ವಾಪಸ್ ಅವನ ಮನೆಗೇ ಕಳಿಸ್ತಾರೆ ಅನ್ನೋ ಪರಿಸ್ಥಿತೀಲಿ ವರ್ಷಗಟ್ಟಲೆ ಕಾಯೋ ಹೆಂಗಸಿನ ಮನಸ್ಸು ಹೇಗಿರಬೇಕು, ಅದಕ್ಕೆ ಯಾವ ಕೌನ್ಸೆಲಿಂಗ್ ಸಾಲತ್ತೆ ಹೇಳಿ.

ಬಂದು ನೆಲೆಯಾದ ಮೇಲೆ ಹೊಡೆತ ಶುರುವಾದವರಿಗೂ ಕಾನೂನು ಇದೆ ಕೆಲವು ಕಡೆ. ಹೆಂಗಸರ ಮೇಲಿನ ಹಿಂಸೆ ತಡೆಯೋಕೆ ಯುರೋಪಿನ ದೇಶಗಳು ಮಾಡ್ಕೊಂಡ ಇಸ್ತಾಂಬುಲ್ ಒಪ್ಪಂದದ 59ನೇ ವಿಧಿ, ಗಂಡನ ವೀಸಾ ಮೇಲೆ ಇರೋ ಹೆಂಗಸಿಗೆ ಹಿಂಸೆಯಿಂದ ಮದುವೆ ಮುರಿದ್ರೆ ಅವಳದೇ ವಾಸದ ಪರವಾನಗಿ ಕೊಡಬೇಕು ಅನ್ನತ್ತೆ. 2011ರಲ್ಲಿ ಸಹಿ ಆಯ್ತು, 2014ರಲ್ಲಿ ಜಾರಿಗೆ ಬಂತು, ಯಾವ ಊರಿನ ಹೆಸರಿಟ್ಟರೋ ಆ ಊರಿನ ದೇಶ ಟರ್ಕಿನೇ 2021ರಲ್ಲಿ ಅದರಿಂದ ಹೊರಗೆ ಹೋಯ್ತು, ಆ ಹೊತ್ತಿಗೆ ಜಗತ್ತಲ್ಲೇ ಅತಿ ಹೆಚ್ಚು ನಿರಾಶ್ರಿತರು ಇದ್ದಿದ್ದು ಅಲ್ಲಿ. ನನಗೆ ಈ ಸುದ್ದಿ ಓದಿದ ದಿನ ಕೆಲಸ ಮಾಡೋಕೆ ಆಗಲಿಲ್ಲ.

ದುಭಾಷಿ ವಿಷಯಕ್ಕೆ ಬರ್ತೀನಿ, ಇದು ಸಣ್ಣದು ಅಂತ ಎಲ್ಲರೂ ದಾಟಿಹೋಗ್ತಾರೆ, ನನ್ನ ಪ್ರಕಾರ ಅರ್ಧ ಸಮಸ್ಯೆ ಇಲ್ಲೇ ಇದೆ. ಗಂಡ ಭಾಷಾಂತರ ಮಾಡಬಾರದು ಅನ್ನೋದು ಎಲ್ಲರಿಗೂ ಗೊತ್ತು, ಮಕ್ಕಳೂ ಮಾಡಬಾರದು, ನಾನು ಕಲಿತ ಪಾಠ ಅದು. ಆದ್ರೆ ಅದೇ ಸಮುದಾಯದ ದುಭಾಷಿನೂ ತೊಂದರೆನೇ, ಇನ್ನೂರು ಮನೆ ಇರೋ ಸಮುದಾಯದಲ್ಲಿ ದುಭಾಷಿಗೆ ಗಂಡನ ಅಣ್ಣ ಗೊತ್ತಿರ್ತಾನೆ, ಸಂಜೆಯೊಳಗೆ ಸುದ್ದಿ ಮನೆ ಮುಟ್ಟತ್ತೆ. ಕೆಲವು ದುಭಾಷಿಗಳು ಒಳ್ಳೇ ಉದ್ದೇಶದಿಂದಾನೇ "ಹೊಡೆದ" ಅನ್ನೋದನ್ನ "ಸಿಟ್ಟು ಮಾಡ್ಕೊಂಡ" ಅಂತ ಹೇಳ್ತಾರೆ, ತಮ್ಮ ಜನರ ಮಾನ ಪರದೇಶದವರ ಮುಂದೆ ಹೋಗಬಾರದು ಅಂತ. ಅದೂ ನನಗೆ ಅರ್ಥ ಆಗತ್ತೆ, ಇವರೆಲ್ಲ ಹೀಗೇ ಅಂತ ಬೆರಳು ಮಾಡೋಕೆ ಹೊರಗಡೆ ಜನ ಕಾದು ಕೂತಿರ್ತಾರೆ. ಹಾಗಾಗಿ ಬೇರೆ ಊರಿಂದ ಫೋನಲ್ಲಿ ಮಾತಾಡೋ, ಹೆಸರು ಮುಖ ಗೊತ್ತಿಲ್ಲದ ದುಭಾಷಿ ಬೇಕು, ಹೆಂಗಸು ಬೇಕಾ ಗಂಡಸಾದ್ರೂ ಆಗತ್ತಾ ಅಂತ ಅವಳನ್ನೇ ಕೇಳಬೇಕು, ಮತ್ತೆ ಗಂಡ ಬಾಗಿಲ ಹೊರಗೆ ಕೂತಿರೋವಾಗ ಈ ಮಾತೇ ಎತ್ತಬಾರದು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಸಿಬ್ಬಂದಿಗೆ ಹೇಳಿರೋದೂ ಅದೇ, ಅನುಮಾನ ಬಂದ್ರೆ ಕೇಳಿ, ಒಂಟಿಯಾಗಿದ್ದಾಗ ಮಾತ್ರ ಕೇಳಿ, ಕೇಳಿದ್ದನ್ನ ನಂಬಿ, ಬಿಟ್ಟು ಬಾ ಅಂತ ಒತ್ತಾಯ ಮಾಡಬೇಡಿ, ಇವತ್ತು ರಾತ್ರಿ ಸುರಕ್ಷಿತವಾಗಿ ಇರೋದು ಹೇಗೆ ಅಂತ ಅವಳ ಜೊತೆ ಕೂತು ಯೋಚನೆ ಮಾಡಿ. ಬಿಟ್ಟು ಹೊರಡೋ ಸಮಯವೇ ಹೆಚ್ಚು ಅಪಾಯದ್ದು. ಅದರಲ್ಲೂ ಕತ್ತು ಹಿಸುಕಿದ್ದಾನೆ ಅಂದ್ರೆ ಮುಂದೆ ಕೊಲೆ ಆಗೋ ಅಪಾಯ ಹಲವು ಪಟ್ಟು ಅಂತ ಈ ಕೆಲಸದಲ್ಲಿ ಇರೋರಿಗೆ ಗೊತ್ತು, ಅಂಥ ಮಾತನ್ನ ಕೇಳಿಸ್ಕೊಂಡು ಮುಂದಿನ ತಿಂಗಳು ಬನ್ನಿ ಅಂತ ಕಳಿಸೋ ಹಾಗಿಲ್ಲ.

ತಲೆಗೆ ಬಿದ್ದ ಏಟಿನ ಬಗ್ಗೆ ಯಾರೂ ಬರೆಯಲ್ಲ. ಮೇಲಿಂದ ಮೇಲೆ ತಲೆಗೆ ಏಟು ಬಿದ್ರೆ, ಉಸಿರು ಕಟ್ಟಿದ್ರೆ, ಮಿದುಳಿಗೇ ಪೆಟ್ಟಾಗತ್ತೆ, ಮರೆವು, ತಲೆಸುತ್ತು, ಮಾತಿನ ಮಧ್ಯೆ ಪದ ಸಿಗದೇ ಇರೋದು, ಸುಮ್ಸುಮ್ನೆ ಸಿಟ್ಟು. ಇದೆಲ್ಲಾ ನೋಡೋಕೆ ಥೇಟ್ ಮಾನಸಿಕ ಕಾಯಿಲೆ ಥರಾನೇ ಇರತ್ತೆ. ಈಗ ಇದೇ ಹೆಂಗಸು ಆಶ್ರಯದ ಇಂಟರ್ವ್ಯೂಗೆ ಹೋಗ್ತಾಳೆ, ಅಲ್ಲಿ ಅಧಿಕಾರಿ ತಾರೀಕು ಕೇಳ್ತಾರೆ, ಯಾವ ತಿಂಗಳು, ಮೊದಲು ಯಾವುದು ಆಮೇಲೆ ಯಾವುದು, ಹೋದ ಸಲ ಹೀಗೆ ಹೇಳಿದ್ರಲ್ಲ ಈಗ ಯಾಕೆ ಬೇರೆ ಹೇಳ್ತೀರಿ. ಅವಳಿಗೆ ನೆನಪಿಲ್ಲ. ನೆನಪಿಲ್ಲ ಅಂದ್ರೆ ಸುಳ್ಳು ಹೇಳ್ತಿದ್ದಾಳೆ ಅಂತ ಬರ್ಕೊಂಡು ಅರ್ಜಿ ತಳ್ಳಿಹಾಕೋದು ಉಂಟು. ಅವಳ ನೆನಪನ್ನ ಅಳಿಸಿದ ಏಟೇ ಅವಳ ಸಾಕ್ಷಿಯನ್ನೂ ಅಳಿಸಿತು.

ಒಳ್ಳೇ ಕೆಲಸಾನೂ ನಡೀತಿದೆ, ಅದನ್ನ ಹೇಳದೇ ಇದ್ರೆ ತಪ್ಪಾಗತ್ತೆ. ಉಗಾಂಡಾದ ರೈನೋ ಕ್ಯಾಂಪ್‌ನಲ್ಲಿ ದಕ್ಷಿಣ ಸುಡಾನ್‌ನಿಂದ ಬಂದ ಸುಮಾರು 700 ಹೆಂಗಸರನ್ನ ಸೇರಿಸ್ಕೊಂಡು "ಸೆಲ್ಫ್ ಹೆಲ್ಪ್ ಪ್ಲಸ್" ಅನ್ನೋದನ್ನ ಪರೀಕ್ಷೆ ಮಾಡಿದ್ರು, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಕೂತು ಅವರದೇ ಭಾಷೇಲಿ ರೆಕಾರ್ಡ್ ಮಾಡಿದ ಧ್ವನಿ ಕೇಳೋದು, ಮನಸ್ಸು ಹಿಡಿತಕ್ಕೆ ತರೋ ಅಭ್ಯಾಸಗಳನ್ನ ಕಲಿಯೋದು, ಒಟ್ಟು ಐದು ಸಲ. ಡಾಕ್ಟರ್ ಬೇಕಿಲ್ಲ, ಸ್ವಲ್ಪ ತರಬೇತಿ ಪಡೆದ ಅಲ್ಲಿಯವರೇ ನಡೆಸ್ತಾರೆ. 2020ರಲ್ಲಿ ಫಲಿತಾಂಶ ಬಂತು, ಸಂಕಟ ನಿಜವಾಗ್ಲೂ ಕಡಿಮೆ ಆಗಿತ್ತು, ಮೂರು ತಿಂಗಳು ಬಿಟ್ಟು ನೋಡಿದಾಗ ಪರಿಣಾಮ ಸ್ವಲ್ಪ ಇಳಿದಿತ್ತು. ಲಕ್ಷಗಟ್ಟಲೆ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ಕಡೆ ಇದು ದೊಡ್ಡ ವಿಷಯ, ಎಲ್ಲಾ ಕಡೆ ಬರಲಿ. ಆದ್ರೆ ಇದು ಮನಸ್ಸಿಗೆ ಬಲ ಕೊಡತ್ತೆ, ಬಾಗಿಲಿಗೆ ಚಿಲಕ ಹಾಕಲ್ಲ. ಹೆಂಗಸರು ಒಟ್ಟಿಗೆ ಕೂರೋ ಅಂಥ ಜಾಗದಲ್ಲೇ ಹಿಂಸೆಯ ಕೇಸು ನೋಡೋ ಒಬ್ಬರು, ಕಾಗದಪತ್ರ ಗೊತ್ತಿರೋ ಒಬ್ಬರು ಇದ್ರೆ ಅವಳು ಮೂರು ಆಫೀಸಿಗೆ ಮೂರು ಸಲ ನೆಪ ಹೇಳಿ ಮನೆಯಿಂದ ಹೊರಡೋದು ತಪ್ಪತ್ತೆ. ಒಂದೊಂದು ನೆಪಕ್ಕೂ ಅವಳು ಎಷ್ಟು ಹೆದರ್ತಾಳೆ ಅಂತ ಆಫೀಸಿನವರಿಗೆ ಗೊತ್ತಿಲ್ಲ.

ಗಂಡಸರ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಅವನೂ ಎಲ್ಲಾ ಕಳ್ಕೊಂಡು ಬಂದವನು, ಕೆಲಸ ಇಲ್ಲ, ಕೆಲಸ ಮಾಡೋಕೆ ಪರವಾನಗಿ ಇಲ್ಲ, ಒಂದು ಕಾಲದಲ್ಲಿ ಹತ್ತು ಜನ ಅವನ ಮಾತು ಕೇಳ್ತಿದ್ರು ಈಗ ಕ್ಯೂನಲ್ಲಿ ನಿಂತಿದ್ದಾನೆ, ಅವನಿಗೂ ರಾತ್ರಿ ನಿದ್ದೆ ಇಲ್ಲ. ಅವನಿಗೂ ಚಿಕಿತ್ಸೆ ಸಿಗಬೇಕು, ನಾನು ಮನಸಾರೆ ಹೇಳ್ತೀನಿ. ಆದ್ರೆ ಅದೇ ಕ್ಯೂನಲ್ಲಿ ಅಷ್ಟೇ ಕಳ್ಕೊಂಡ ಎಷ್ಟೋ ಗಂಡಸರು ನಿಂತಿದ್ದಾರೆ, ಅವರು ಮನೆಗೆ ಹೋಗಿ ಹೊಡಿಯಲ್ಲ. ಕಷ್ಟ ಇಬ್ಬರಿಗೂ ಬಂದಿದೆ, ಏಟು ಒಬ್ಬಳಿಗೇ ಬೀಳ್ತಿದೆ, ಹಾಗಿದ್ಮೇಲೆ ಕಷ್ಟವನ್ನೇ ಕಾರಣ ಅಂತ ಹೇಗೆ ಒಪ್ಪೋದು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಮ್ಮಲ್ಲೇ ಗಾದೆ ಇದೆ, ಇಬ್ಬರನ್ನೂ ಎದುರು ಬದುರು ಕೂರಿಸಿ ರಾಜಿ ಮಾಡಿಸೋ ಹಿರಿಯರು, ಕೆಲವು ಸಲ ಕೌನ್ಸೆಲರ್‌ಗಳೂ, ಇದೇ ಗಾದೆ ನಂಬಿರ್ತಾರೆ. ಅವನ ಎದುರು ಕೂತು ಅವಳು ಹೇಳಿದ ಒಂದೊಂದು ಮಾತಿಗೂ ಆ ರಾತ್ರಿ ಮಲಗೋ ಹೊತ್ತಲ್ಲಿ ಲೆಕ್ಕ ತೀರತ್ತೆ. ದಯವಿಟ್ಟು ಹಾಗೆ ಕೂರಿಸಬೇಡಿ.

ಆ ಹೆಂಗಸಿನ ಕಥೆ ಏನಾಯ್ತು ಅಂತ ನೀವು ಕೇಳಬಹುದು. ಅವಳ ಕೇಸನ್ನ ಗಂಡನ ಕೇಸಿಂದ ಬೇರೆ ಮಾಡೋಕೆ ಹದಿನಾಲ್ಕು ತಿಂಗಳು ಹಿಡೀತು. ಅಷ್ಟೂ ದಿನ ಅವಳು ಅದೇ ಮನೇಲಿ ಇದ್ಲು. ಈಗ ಮಕ್ಕಳ ಜೊತೆ ಬೇರೆ ಕಡೆ ಇದ್ದಾಳೆ, ತಲೆನೋವು ಇನ್ನೂ ಇದೆ, ಮರೆವೂ ಇದೆ. ನಿದ್ದೆ ಮಾತ್ರೆ ಮಾತ್ರ ಈಗ ತಗೊಳ್ತಾಳೆ.

ಈಗ ನಿಮಗೆ ಹೇಳೋ ಮಾತು. ನಿಮ್ಮ ಲೇಖನದ ಜೊತೆ ಒಂದು ದೊಡ್ಡ ಫೋಟೋ ಇತ್ತು, ಟೆಂಟ್ ಬಾಗಿಲಲ್ಲಿ ಕೂತ ಒಬ್ಬ ಹೆಂಗಸು, ಮುಖ ಸ್ಪಷ್ಟವಾಗಿ ಕಾಣತ್ತೆ, ಹಿಂದೆ ಟೆಂಟಿನ ನಂಬರು ಕಾಣತ್ತೆ, ಕೆಳಗೆ ಅವಳ ಹೆಸರು, ಕ್ಯಾಂಪಿನ ಹೆಸರು. ಫೋಟೋ ಚೆನ್ನಾಗಿದೆ, ತೆಗೆದವರು ಪ್ರೀತಿಯಿಂದಾನೇ ತೆಗೆದಿದ್ದಾರೆ. ಅವಳನ್ನ ಕೇಳಿ ಒಪ್ಪಿಗೆ ತಗೊಂಡಿದ್ವಿ ಅಂತ ನೀವು ಹೇಳಬಹುದು. ಯಾರು ಕೇಳಿದ್ರು, ಯಾವ ಭಾಷೇಲಿ ಕೇಳಿದ್ರು, ಕೇಳೋವಾಗ ಪಕ್ಕದಲ್ಲಿ ಯಾರು ನಿಂತಿದ್ರು? ಅವಳು ಯಾರಿಂದಾದ್ರೂ ತಪ್ಪಿಸ್ಕೊಂಡು ಬಂದಿದ್ದಾಳಾ ಅನ್ನೋದು ನಿಮಗೆ ಗೊತ್ತಾ, ನನಗೂ ಗೊತ್ತಿಲ್ಲ, ಅವಳನ್ನ ಹುಡುಕ್ತಿರೋನು ಇದ್ರೆ ಅವನಿಗೆ ಗೊತ್ತಿರತ್ತೆ. ಪೇಪರ್ ಹಳೇದಾಗತ್ತೆ, ಆದ್ರೆ ನಿಮ್ಮ ಆನ್‌ಲೈನ್ ಆವೃತ್ತಿಯಲ್ಲಿ ಅದು ಇನ್ನೂ ಇದೆ, ನಿನ್ನೆ ರಾತ್ರಿನೂ ತೆಗೆದು ನೋಡ್ದೆ. ಈ ಪತ್ರ ಹಾಕ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು, ಆ ಫೋಟೋ ಮತ್ತೆ ಹೆಸರು ಮಾತ್ರ ದಯವಿಟ್ಟು ಇವತ್ತೇ ತೆಗೆದುಬಿಡಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
(ಹೆಸರು ಪ್ರಕಟಿಸಬೇಡಿ)